ಕರೆಂಟ್ ರೇಸಿನ ಕೊನೆಯ ವರ್ಷ, ಜಯಮ್ಮನ ಹುಳದ ಮನೆ

ತುಮಕೂರಿನಿಂದ ಮಾಗಡಿಗೆ ಹೋಗುವ ಏಳೂಕಾಲಿನ ಬಸ್ಸು ಗುರುವಾರ ಏಳೂಮುಕ್ಕಾಲಿಗೆ ಹೊರಟಿತು. ಟಿಕೆಟ್ ಎಂಬತ್ತೆರಡು ರೂಪಾಯಿ. ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು, ಮೊಣಕಾಲು ಗದ್ದಕ್ಕೆ ತಾಗುವಂಥದ್ದು. ಅದಕ್ಕೂ ಮೊದಲೇ, ಮನೆ ಬಿಡುವಾಗಲೇ, ನನಗೆ ಸಿಟ್ಟಿತ್ತು. "ಜಗಳ ಆಡೋಕೆ ಅಷ್ಟು ದೂರ ಯಾಕೆ ಹೋಗ್ತೀರಿ, ಇಲ್ಲೇ ಆಡಬಹುದಲ್ಲ" ಎಂದು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಿದ್ದಳು.

ನನ್ನ ಸಿಟ್ಟಿಗೆ ಕಾರಣವಿತ್ತು. ಐಟಿಐನಲ್ಲಿ ಮೂವತ್ತು ವರ್ಷ ಹುಡುಗರಿಗೆ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಸಿ ನಿವೃತ್ತನಾದವನು ನಾನು. ಹಳ್ಳ, ದಿಣ್ಣೆ, ಬಂಡೆಗಳ ಮೇಲೆ ಬರೀ ಬ್ಯಾಟರಿಯಿಂದ ಓಡುವ ಗಾಡಿಗಳ ರೇಸು ಶುರುವಾದಾಗ ಆ ಮೋಟಾರುಗಳು ನನ್ನ ಸ್ವಂತ ಮಕ್ಕಳು ಎನ್ನುವಷ್ಟು ಖುಷಿಪಟ್ಟಿದ್ದೆ. ನಾಲ್ಕು ವರ್ಷ ಒಂದೂ ಓಟ ಬಿಡದೆ ಫೋನಿನಲ್ಲಿ ನೋಡಿದೆ. ಐದನೆಯ ವರ್ಷ ರೇಸಿನವರು ನಮ್ಮ ರಾಮನಗರದ ಕಡೆಗೇ ಬರುತ್ತಾರೆಂದು ಸಂದೇಶ ಬಂತು. ಅದೇ ಸಂದೇಶದ ಕೊನೆಯಲ್ಲಿ, ಇದೇ ಕೊನೆಯ ವರ್ಷ ಎಂದೂ ಇತ್ತು. 'ನಮ್ಮ ಪಯಣ ಹೊಸ ತಿರುವು ಪಡೆಯುತ್ತಿದೆ' ಎಂದು ಬರೆದಿದ್ದರು. ಅಂಗಡಿ ಮುಚ್ಚುತ್ತೇವೆ ಎನ್ನಲು ಇಷ್ಟು ಸುತ್ತಿ ಬಳಸಬೇಕೆ? ಹಣ ಹಾಕಿದವರು ಕೈ ಎತ್ತಿದ್ದರು, ಅಷ್ಟೇ. ಹೊಗೆಯಿಲ್ಲದ ಲೋಕ ಕಟ್ಟುತ್ತೇವೆಂದು ಐದು ವರ್ಷ ಕೂಗಿದವರು ಐದೇ ಸಾಲಿನಲ್ಲಿ ಗಂಟುಮೂಟೆ ಕಟ್ಟಿದ್ದರು.

ಮಾಗಡಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೆ. ಚಟ್ನಿ ಚೆನ್ನಾಗಿತ್ತು, ಕಾಫಿ ನೀರಾಗಿತ್ತು. ಹೇಳಿದೆ, ಬೇರೆ ಕಾಫಿ ಕೊಟ್ಟರು. ಬಾಯಿಬಿಟ್ಟು ಹೇಳಿದರೆ ಕೆಲಸವಾಗುತ್ತದೆ ಎಂಬುದು ನಾನು ಇಡೀ ಜೀವನ ನಂಬಿಕೊಂಡು ಬಂದ ಮಾತು. ಅಲ್ಲಿಂದ ರಾಮನಗರದ ಬಸ್ಸಿನಲ್ಲಿ ಎಡಗಡೆ ಸಾವನದುರ್ಗ ಒಂದಷ್ಟು ದೂರ ಜೊತೆಗೇ ಬಂತು. ಬಿಸಿಲು ಏರಿತ್ತು. ಬಂಡೆಯ ತುದಿಯಲ್ಲಿ ಮಾತ್ರ ಒಂದು ತುಂಡು ಮೋಡ ಕೂತಿತ್ತು.

ರಾಮನಗರದಲ್ಲಿ ಮಧ್ಯಾಹ್ನ ಮೂರಕ್ಕೆ ಹನ್ನೊಂದು ರೇಸು ಗಾಡಿಗಳ ಮೆರವಣಿಗೆ. ರೇಷ್ಮೆ ಗೂಡಿನ ಮಾರ್ಕೆಟ್ ಕಡೆಯಿಂದ ಬಂದ ರೈತರು ಖಾಲಿ ಚೀಲಗಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು. ಗಾಡಿಗಳು ಬಂದವು. ಎದೆಯೆತ್ತರದ ಚಕ್ರ, ಮೈಗೆಲ್ಲ ಹಸಿರು ಬಣ್ಣ. ಆದರೆ ಸದ್ದಿಲ್ಲ. ಟೈರು ಟಾರಿನ ಮೇಲೆ ಉಜ್ಜುವ ಶಬ್ದ ಬಿಟ್ಟರೆ ಏನೂ ಇಲ್ಲ. ನನ್ನ ಪಕ್ಕದ ಮುದುಕರು ಸ್ನೇಹಿತನನ್ನು ಕೇಳಿದರು:

"ಏನ್ಲಾ, ಗಾಡಿ ಆನ್ ಮಾಡವ್ರೋ, ಇಲ್ಲಾ ತಳ್ಳಕ್ಕಂಡ್ ಬತ್ತಾ ಅವ್ರೋ?"

"ಕರೆಂಟ್ ರೇಸು ಕಣ್ಲಾ ಅದು. ಸದ್ದೂ ಇಲ್ಲ, ಹೊಗೇನೂ ಇಲ್ಲ."

"ಮತ್ತೆ ಏನೈತೆ?"

ನನಗೆ ನಗು ಬಂತು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ. ಸಂಘಟಕರಲ್ಲೊಬ್ಬರು ಅರ್ಧ ಗಂಟೆ ಭಾಷಣ ಮಾಡಿದರು. ಅವರ ಅಂಗಿಯ ಬೆನ್ನ ಮೇಲೆ 'ಹೊಗೆ ಬೇಡ' ಎಂದು ದಪ್ಪಕ್ಷರದಲ್ಲಿತ್ತು. ಮುಂದಿನ ವರ್ಷ ಯಾಕೆ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಕೈಯೆತ್ತಿ ಕೇಳಿದೆ. ಮೈಕು ಆಫಾಯಿತು.

ಶುಕ್ರವಾರ ಬೆಳಿಗ್ಗೆ ಚನ್ನಪಟ್ಟಣಕ್ಕೆ ಹೋದೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಗೆದ್ದವರಿಗೆ ಕೊಡುವ ಬಹುಮಾನಗಳನ್ನು ಅಲ್ಲಿನ ಒಂದು ಗೊಂಬೆ ಕಾರ್ಖಾನೆಯಲ್ಲಿ ಮಾಡಿಸುತ್ತಿದ್ದಾರೆಂದು ಕೇಳಿದ್ದೆ. ಕಾರ್ಖಾನೆ ಎಂದರೆ ಒಂದು ಶೆಡ್ಡು, ಎರಡು ಮೋಟಾರು, ನಾಲ್ಕು ಜನ. ತಿರುಗುತ್ತಿದ್ದ ಹಾಲೆ ಮರದ ತುಂಡಿಗೆ ಒಬ್ಬರು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ಬಿಸಿಗೆ ಅರಗು ಕರಗಿ, ಮರದ ಮೈಗೆ ಹಳದಿ ಬಣ್ಣ ಹತ್ತುತ್ತಿತ್ತು. ರೇಷ್ಮೆ ಗೂಡಿನ ಆಕಾರ, ತೆಂಗಿನಕಾಯಿಯ ಗಾತ್ರ. ತಾಳೆಗರಿಯಿಂದ ಉಜ್ಜಿದ ಮೇಲೆ ಮುಖ ಕಾಣುವಷ್ಟು ಹೊಳಪು ಬಂತು.

"ನಮ್ ಸೀಮೆ ರೇಷ್ಮೆಗೆ ಗೌರವ ಅಂತೆ ಸಾ" ಎಂದರು ಅವರು. "ಈ ಸೈಜಿನ ಗೂಡು ಯಾವ ಹುಳ ಕಟ್ಟದು ಅಂತ ನಾನೂ ಕೇಳ್ದೆ. ನೀನು ಹೇಳಿದ್ದ್ ಮಾಡಪ್ಪ ಅಂದ್ರು."

ಚನ್ನಪಟ್ಟಣದಿಂದ ರಾಮನಗರಕ್ಕೆ ಹಿಂದಿರುಗಿ, ಕನಕಪುರದಲ್ಲಿ ಮುದ್ದೆ ಉಂಡು, ಹಾರೋಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮರಳವಾಡಿ ಮುಟ್ಟುವಾಗ ನಾಲ್ಕೂವರೆ. ಶನಿವಾರ ಮತ್ತು ಭಾನುವಾರದ ಓಟ ಊರಾಚೆಯ ಬೀಳು ಜಮೀನಿನಲ್ಲಿ. ಅಲ್ಲಿ ಗುಡಾರದ ಬಾಡಿಗೆ ಕೇಳಿದರೆ ಪಿಂಚಣಿಯವನ ತಲೆ ತಿರುಗುತ್ತದೆ. ನಾನು ಮೈದಾನಕ್ಕೆ ಹತ್ತಿರದ ಒಂದು ಮನೆಯ ಮುಂದಿನ ರೂಮನ್ನು ಫೋನಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಶಿವಲಿಂಗಣ್ಣ, ಜಯಮ್ಮ ಎಂಬ ಗಂಡ ಹೆಂಡತಿಯ ಮನೆ. ಹಿತ್ತಲಲ್ಲಿ ರೇಷ್ಮೆ ಹುಳ ಸಾಕುವ ಉದ್ದನೆಯ ಕಟ್ಟಡ, ಅದರಾಚೆ ಒಂದೆಕರೆ ಹಿಪ್ಪುನೇರಳೆ ತೋಟ, ತೋಟದ ಬೇಲಿ ದಾಟಿದರೆ ರೇಸಿನ ಮೈದಾನ.

ಜಯಮ್ಮ ಐವತ್ತರ ಆಚೀಚಿನ ಹೆಂಗಸು. ನನ್ನ ಚೀಲ ಕೆಳಗಿಡುವ ಮೊದಲೇ ಕಾನೂನು ಹೇಳಿದರು. "ಮೇಷ್ಟ್ರೇ, ಬೀಡಿ ಸಿಗರೇಟು ಇದ್ರೆ ಗೇಟಾಚೆ. ಸೆಂಟು ಹಾಕ್ಕಂಡು ಹಿತ್ಲಿಗೆ ಬರಂಗಿಲ್ಲ. ಸೊಳ್ಳೆ ಬತ್ತಿ ಅಂತೂ ಹಚ್ಚಂಗೇ ಇಲ್ಲ. ಸೊಳ್ಳೆ ಸಾಯೋ ಹೊಗೆಗೆ ನಮ್ ಹುಳಾನೂ ಸಾಯ್ತವೆ. ಅವಕ್ಕೇನ್ ಗೊತ್ತು, ನಾವ್ ಸೊಳ್ಳೆ ಅಲ್ಲ ಅಂತ ಹೇಳಕ್ ಬತ್ತದಾ?"

ಕಾಲು ತೊಳೆಸಿ, ಸುಣ್ಣದ ಪುಡಿ ತುಳಿಸಿ, ಕಿಟಕಿಯ ಜಾಲರಿಯಿಂದ ಹುಳ ತೋರಿಸಿದರು. ಮೂರು ಅಂತಸ್ತಿನ ಹಾಸಿನ ಮೇಲೆ ಇನ್ನೂರು ಮೊಟ್ಟೆಯ ಹುಳ; ಒಂದು ಚಿಟ್ಟೆ ಇಟ್ಟ ಐನೂರು ಮೊಟ್ಟೆಯ ಗುಂಪಿಗೆ ಅವರ ಲೆಕ್ಕದಲ್ಲಿ ಒಂದು ಮೊಟ್ಟೆ. ಬೆರಳುದ್ದದ ಬಿಳಿ ಹುಳಗಳು ತಲೆ ಆಡಿಸುತ್ತ ಸೊಪ್ಪು ಮೇಯುತ್ತಿದ್ದವು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ಹುಳ ಪೊರೆ ಬಿಡುವುದಕ್ಕೆ ಅವರು 'ಜ್ವರ' ಎನ್ನುತ್ತಾರೆ. "ನಾಕ್ನೇ ಜ್ವರದಿಂದ ಎದ್ದು ನಾಕು ದಿನ ಆಯ್ತು. ಇನ್ ಮೂರು ದಿನ ಹೊಟ್ಟೆ ತುಂಬ ತಿಂದ್ಬುಟ್ರೆ ಹಣ್ಣಾಯ್ತವೆ, ಗೂಡು ಕಟ್ತವೆ. ಈಗ ಒಂದೊತ್ತು ಸೊಪ್ಪು ತಪ್ಪಂಗಿಲ್ಲ" ಎಂದರು.

ಶಿವಲಿಂಗಣ್ಣ ಜಗುಲಿಯಲ್ಲಿ ಕೂತು ಉಳಿದದ್ದನ್ನು ಹೇಳಿದರು. ಹೋದ ಎರಡು ಬೆಳೆ ರೋಗ ಬಂದು ಹೋಗಿತ್ತು. ತೋಟವನ್ನು ರೆಸಾರ್ಟಿನವರು ಗುತ್ತಿಗೆಗೆ ಕೇಳುತ್ತಿದ್ದಾರೆ. "ಇದೊಂದು ಬೆಳೆ ನೋಡ್ತೀನಿ ಅಂದ್ಲು. ಆಯ್ತು, ಇದೇ ಕೊನೆ ಅಂತ ಮಾತಾಗೈತೆ. ಎದ್ರೆ ಹುಳ, ಇಲ್ದಿದ್ರೆ ತೋಟ ಅವ್ರಿಗೆ." ಒಳಗಿನಿಂದ ಜಯಮ್ಮ, "ಎದ್ದೇ ಏಳ್ತದೆ, ನೀವು ಬಾಯಿ ಮುಚ್ಕಳಿ" ಎಂದು ಕೂಗಿದರು.

ಇಷ್ಟೆಲ್ಲ ಕೇಳಿಸಿಕೊಂಡಿದ್ದೆ. ಓದುಗರು ಇದನ್ನು ನೆನಪಿಡಬೇಕು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಸಂಜೆ ಮೈದಾನ ನೋಡಲು ಹೋದೆ. ಪಕ್ಕದಲ್ಲಿ ಕೆರೆ, ಸೂರ್ಯ ಇಳಿಯುತ್ತಿದ್ದಂತೆ ಸೊಳ್ಳೆ ಎದ್ದವು. ಕತ್ತು, ಕಿವಿ, ಚಪ್ಪಲಿಯ ಸಂದಿನಲ್ಲೂ ಕಡಿತ. ಮನೆಯಲ್ಲಿ ಬತ್ತಿ ಹಚ್ಚುವಂತಿಲ್ಲ ಎಂಬುದೂ ಅದಕ್ಕೆ ಸೇರಿ ನನ್ನ ಪಿತ್ತ ನೆತ್ತಿಗೇರಿತು. ವಿಚಾರಣೆಯ ಮೇಜಿನ ಹಿಂದೆ ವ್ಯವಸ್ಥೆಯ ಉಸ್ತುವಾರಿಯ ಮೇಡಂ ಇದ್ದರು. ಎರಡು ದಿನದ ಕೋಪವನ್ನೆಲ್ಲ ಅವರ ಮೇಲೆ ಸುರಿದೆ. "ಟಿಕೆಟಿಗೆ ಇಷ್ಟು ದುಡ್ಡು ತಗೋತೀರಿ, ಜನ ಕೂರೋಕಾಗ್ತಿಲ್ಲ. ಒಂದು ಸೊಳ್ಳೆ ಹೊಗೆ ಹೊಡೆಸೋ ಯೋಗ್ಯತೆ ಇಲ್ವೇನ್ರಿ ನಿಮಗೆ?" ಎಂದೆ. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. ಮೇಡಂ ನನ್ನ ಫೋನ್ ನಂಬರ್ ಕೇಳಿ, ಟ್ಯಾಬ್‌ನಲ್ಲಿ ಬರೆದುಕೊಂಡು, "ನಿಮ್ಮ ದೂರು ದಾಖಲಾಗಿದೆ ಸರ್" ಎಂದರು. ಗೆದ್ದವನ ಹಾಗೆ ಮನೆಗೆ ಬಂದು, ಜಯಮ್ಮ ಕೊಟ್ಟ ಸೊಳ್ಳೆ ಪರದೆ ಕಟ್ಟಿಕೊಂಡು, ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಎಬ್ಬಿಸಿದ್ದು ಜಯಮ್ಮನ ಕಿರುಚಾಟ. ಹೊರಗೆ ಓಡಿದೆ. ಬೇಲಿಯ ಆಚೆ ಒಂದು ಲಗೇಜ್ ಆಟೋ ಮೆಲ್ಲಗೆ ಸುತ್ತುತ್ತಿತ್ತು. ಅದರ ಬೆನ್ನಿನ ಯಂತ್ರದಿಂದ ಬೆಳ್ಳನೆಯ ಹೊಗೆ ಸುರುಳಿ ಸುರುಳಿಯಾಗಿ ಬಂದು, ಗಾಳಿಗೆ ವಾಲಿ, ನೇರ ಹಿಪ್ಪುನೇರಳೆ ತೋಟದ ಮೇಲೆ ಇಳಿಯುತ್ತಿತ್ತು. ಯಂತ್ರ ಹಿಡಿದವನ ಬೆನ್ನ ಮೇಲೂ ಅದೇ ಅಂಗಿ: 'ಹೊಗೆ ಬೇಡ'.

"ನಿಲ್ಸ್ರೋ! ಹುಳ ಅವೆ ಕಣ್ರೋ! ನಿಲ್ಸ್ರೋ!" ಜಯಮ್ಮ ಬೇಲಿಯ ಮುಳ್ಳನ್ನೂ ಲೆಕ್ಕಿಸದೆ ಟವೆಲ್ ಬೀಸುತ್ತಿದ್ದರು. ಯಂತ್ರದ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಶಿವಲಿಂಗಣ್ಣ ಗೋಣಿಚೀಲ ಒದ್ದೆ ಮಾಡಿ ಹುಳದ ಮನೆಯ ಕಿಟಕಿಗಳಿಗೆ ಮುಚ್ಚುತ್ತಿದ್ದರು. ನಾನೂ ಕೈ ಹಾಕಿದೆ. ಪೂರ್ವದ ಎರಡು ಕಿಟಕಿಗಳನ್ನು ಮುಚ್ಚುವಷ್ಟರಲ್ಲಿ ಒಳಗೆ ವಾಸನೆ ಹೊಕ್ಕಿತ್ತು.

ಹೊಗೆ ತಿಳಿಯಾದ ಮೇಲೆ ಜಯಮ್ಮ ಒಂದು ಎಲೆ ಕಿತ್ತು ಮೂಸಿ ನೋಡಿದರು. ನನ್ನ ಮೂಗಿಗೂ ಹಿಡಿದರು. ಸೀಮೆಎಣ್ಣೆಯಂಥ ಕಮಟು. ಒಂದೆಕರೆ ಸೊಪ್ಪಿನಲ್ಲಿ ಇನ್ನು ಒಂದು ಎಲೆಯನ್ನೂ ಹುಳಕ್ಕೆ ಹಾಕುವಂತಿರಲಿಲ್ಲ. ಹಿಂದಿನ ಸಂಜೆ ಕುಯ್ದು ಒಳಗಿಟ್ಟದ್ದು ಮಧ್ಯಾಹ್ನದವರೆಗೆ ಸಾಕಾಗುತ್ತಿತ್ತು.

"ನಡೀರಿ ಮೇಷ್ಟ್ರೇ, ನಿಮಗೆ ಇಂಗ್ಲೀಷು ಬತ್ತದೆ, ಕೇಳಾನಾ" ಎಂದು ಜಯಮ್ಮ ನನ್ನನ್ನು ಕರೆದುಕೊಂಡು ಹೋದರು. ನಾನು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಮೇಜಿನ ಹಿಂದೆ ಅದೇ ಮೇಡಂ. ರೇಷ್ಮೆ ನಾಡಿಗೆ ಬಂದು ಹುಳದ ಮನೆಯ ಮಗ್ಗುಲಲ್ಲಿ ಹೊಗೆ ಹೊಡೆಯುತ್ತೀರಾ, ನಾಚಿಕೆಯಿಲ್ಲವೇ ಎಂದು ಕೂಗಿದೆ. ಅವರು ಶಾಂತವಾಗಿ, "ಇದು ಮನುಷ್ಯರಿಗೆ ಅಪಾಯವಿಲ್ಲದ ಔಷಧಿ ಸರ್, ಪ್ರಮಾಣಪತ್ರ ಇದೆ" ಎಂದರು.

"ಹುಳಕ್ಕೆ?"

"ಹುಳಹುಪ್ಪಟೆಗೇ ತಾನೇ ಸರ್ ಹೊಡೆಯೋದು?"

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರು ಟ್ಯಾಬ್ ತಿರುಗಿಸಿ ತೋರಿಸಿದರು. "ನಾವಾಗಿ ಹೊಡೆಸಲಿಲ್ಲ. ನಿನ್ನೆ ಸಂಜೆ ಪ್ರೇಕ್ಷಕರೊಬ್ಬರು ತುಂಬಾ ಗಲಾಟೆ ಮಾಡಿದರು. ಅವರ ದೂರಿನ ಮೇಲೆ ಕ್ರಮ ತೆಗೆದುಕೊಂಡಿದ್ದೇವೆ." ಅಲ್ಲಿ ನನ್ನ ಮಾತು ಇತ್ತು, ನನ್ನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಗಳಿದ್ದವು. ಸಾವಿರ ಜನ ನೋಡಿದ ಆಕೆಗೆ ನನ್ನ ಮುಖದ ಗುರುತಿರಲಿಲ್ಲ.

"ಯಾವನವ್ವ ಅವ್ನು?" ಎಂದರು ಜಯಮ್ಮ. "ಒಂದೊತ್ತು ಸೊಳ್ಳೆ ಕಡುದ್ರೆ ಸತ್ತೋಯ್ತಿದ್ನಾ? ಅವ್ನ ಮನೆ ಹಾಳಾಗ!"

ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ ಗಂಟಲು ನನ್ನದು. ಅವನು ನಾನೇ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಕನಕಪುರದ ಆಚೆ ಜಯಮ್ಮನ ತಮ್ಮನ ತೋಟವಿತ್ತು. ಫೋನ್ ಮಾಡಿದ ತಕ್ಷಣ ಆತ ಸೊಪ್ಪು ಕುಯ್ಯಿಸಿ ಲಗೇಜ್ ಆಟೋಗೆ ತುಂಬಿಸಿದ. ಹನ್ನೊಂದು ಗಂಟೆಗೆ ಆಟೋ ಬಂದು ಮುಕ್ಕಾಲು ಕಿಲೋಮೀಟರ್ ಆಚೆಯೇ ನಿಂತಿತು. ರೇಸಿಗಾಗಿ ಸಂಜೆ ನಾಲ್ಕರವರೆಗೆ ರಸ್ತೆ ಬಂದ್. ಅಡ್ಡಗಟ್ಟೆಯ ಕಾವಲುಗಾರ ಬಿಡುವುದಿಲ್ಲ ಎಂದ. ಓಟಕ್ಕಿಳಿಯದ ಎರಡು ಗಾಡಿಗಳು ಅಲ್ಲೇ ಚಾರ್ಜ್ ತುಂಬಿಕೊಂಡು ನಿಂತಿದ್ದವು. ಒಂದೇ ಸಲಕ್ಕೆ ಅಷ್ಟೂ ಸೊಪ್ಪನ್ನು ಹೊತ್ತು ತರುವ ಶಕ್ತಿಯವು. ಕೇಳಿದೆ. "ಇವು ಪ್ರದರ್ಶನದ ಗಾಡಿಗಳು ಸರ್, ಮಣ್ಣು ತಾಗಬಾರದು" ಎಂದ ತಂಡದವನೊಬ್ಬ. ಮಣ್ಣಿನ ಮೇಲೆ ಓಡಿಸಲೆಂದೇ ಕಟ್ಟಿದ ಗಾಡಿಗೆ ಮಣ್ಣು ತಾಗಬಾರದಂತೆ! ಈ ಸರಣಿ ಮುಚ್ಚಿಹೋಗಲಿ, ಇವತ್ತೇ ಮುಚ್ಚಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಹೊತ್ತೆವು. ಹನ್ನೆರಡು ಹೊರೆ, ಮೂರು ತಲೆ. ಧೂಳು ಕೂರದಂತೆ ಪ್ರತಿ ಹೊರೆಗೂ ಒದ್ದೆ ಗೋಣಿ ಸುತ್ತಿದ್ದರು. ಅದರ ನೀರು ಕತ್ತಿನಲ್ಲಿ ಇಳಿಯುತ್ತಿತ್ತು. ಬೇಲಿಯ ಆಚೆ ರೇಸು ನಡೆಯುತ್ತಿತ್ತು. ನಾಲ್ಕು ವರ್ಷ ಕಾದು ನೋಡಲು ಬಂದ ಓಟ. ತಲೆ ಎತ್ತಲಾಗದೆ ನಾನು ಕಂಡದ್ದು ಮುಂದೆ ಹೋಗುತ್ತಿದ್ದ ಶಿವಲಿಂಗಣ್ಣನ ಹಿಮ್ಮಡಿ ಮಾತ್ರ. ಮೂರನೆಯ ಸಲಕ್ಕೆ ನಾನು ಹಿಂದೆ ಬಿದ್ದೆ. "ಒಸಿ ಕುಂತ್ಕಳಿ ಮೇಷ್ಟ್ರೇ, ನಿಮಗ್ಯಾಕೆ ಈ ಕಷ್ಟ" ಎಂದರು ಶಿವಲಿಂಗಣ್ಣ. ಕೂರಲಿಲ್ಲ. ಕೂತರೆ ಯಾಕೆ ಎಂಬುದನ್ನು ಹೇಳಬೇಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಪೂರ್ವದ ಕಿಟಕಿಯ ಬಳಿಯ ಹಾಸಿನ ಹುಳಗಳು ಸೊಪ್ಪು ಮುಟ್ಟಲಿಲ್ಲ. ತಲೆಯನ್ನು ಅತ್ತಿಂದಿತ್ತ ಎಸೆದು, ಹಸಿರು ನೀರು ಕಕ್ಕಿ, ಕುಗ್ಗಿ ಬಿದ್ದವು. ಮಧ್ಯಾಹ್ನದೊಳಗೆ ಇಡೀ ಬೆಳೆಯಲ್ಲಿ ಕಾಲು ಭಾಗ ಸತ್ತಿತ್ತು. ಉಳಿದವು ತಮ್ಮನ ತೋಟದ ಸೊಪ್ಪನ್ನು ಮೇಯುತ್ತಿದ್ದವು. ಜಯಮ್ಮ ಅಳಲಿಲ್ಲ. ಸತ್ತ ಹುಳಗಳನ್ನು ಸೊಪ್ಪಿನ ಸಮೇತ ಎತ್ತಿ ಬುಟ್ಟಿಗೆ ತುಂಬುತ್ತಿದ್ದರು. ಮೈದಾನದ ಧ್ವನಿವರ್ಧಕದಲ್ಲಿ ಕೊನೆಯ ಓಟದ ವಿಜೇತರ ಹೆಸರು ಕೂಗಿದರು, ಹಾಡು ಹಾಕಿದರು. ಬೇಲಿಯ ಮೇಲಿಂದ ವೇದಿಕೆ ಕಾಣುತ್ತಿತ್ತು. ಗೆದ್ದ ಗಾಡಿಯ ಚಾಲಕರ ಜೋಡಿ ಚನ್ನಪಟ್ಟಣದ ಹಳದಿ ಗೂಡನ್ನು ತಲೆಯ ಮೇಲೆತ್ತಿ ಹಿಡಿದು ಕುಣಿಯುತ್ತಿತ್ತು. ನಮ್ಮ ಸೀಮೆಯ ರೇಷ್ಮೆಗೆ ಗೌರವ! ನನಗೆ ಉಗಿಯಬೇಕೆನಿಸಿತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ನೀವಿಲ್ದಿದ್ರೆ ಅಷ್ಟು ಸೊಪ್ಪು ಹೊತ್ತಾಕಕ್ ಆಯ್ತಿತ್ತಾ ಮೇಷ್ಟ್ರೇ" ಎಂದರು ಜಯಮ್ಮ, ಬುಟ್ಟಿಯ ಮೇಲೆ ಬಾಗಿಕೊಂಡೇ. "ಯಾರ್ ಮಾಡ್ತಾರೆ ಇಷ್ಟು? ನಮ್ಮೋರೇ ಮಾಡಕಿಲ್ಲ."

ಆ ಮಾತನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. "ಅಮ್ಮಾ, ದೂರು ಕೊಟ್ಟವನು ನಾನೇ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಶುಕ್ರವಾರ ಸಂಜೆ, ಮೇಜು, ನಾನು ಕೂಗಿದ್ದು, ಜನ ಚಪ್ಪಾಳೆ ತಟ್ಟಿದ್ದು, ಎಲ್ಲ ಹೇಳಿದೆ.

"ನಾನ್ ಅವತ್ತೇ ಹೇಳಿದ್ನಲ್ಲ" ಎಂದರು. "ಬತ್ತಿ ಹಚ್ಬ್ಯಾಡಿ ಅಂತ. ಮನೆಗೆ ಕಾಲಿಟ್ಟ ಗಳಿಗೇಲೇ ಹೇಳಿದ್ನಲ್ಲ."

"ಹೇಳಿದ್ರಿ."

"ಅಷ್ಟ್ ಬ್ಯಾಗ ಮರ್ತ್ಬುಟ್ರಾ?"

"ಮರೆತದ್ದಲ್ಲಮ್ಮ. ಸಿಟ್ಟಿನಲ್ಲಿ ಯೋಚನೆ ಮಾಡಲಿಲ್ಲ."

ಬಯ್ಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು, ಗೋಡೆಗೆ ಒರಗಿಸಿದ್ದ ಹಾರೆ ತೋರಿಸಿದರು. "ತೋಟದ ಮೂಲೇಲಿ ಗುಂಡಿ ತೆಗುದು ಮುಚ್ಚಿ. ಮೇಲೆ ಸುಣ್ಣ ಹಾಕಿ. ಒಂದಡಿ ಸಾಲದು, ಎರಡಡಿ ತೆಗೀರಿ, ನಾಯಿ ಕೆದಕ್ತವೆ." ಅಷ್ಟು ಹೇಳಿ ಒಳಗೆ ಹೋದರು.

ತೆಗೆದೆ. ನೆಲ ಗಟ್ಟಿ, ಒಂದು ಗಂಟೆ ಹಿಡಿಯಿತು. ನಾಲ್ಕು ಬುಟ್ಟಿ ಹುಳ. ಎರಡನೆಯ ಬುಟ್ಟಿಯಲ್ಲಿ ಒಂದೆರಡು ಇನ್ನೂ ಅಲುಗಾಡುತ್ತಿದ್ದವು. ಅವನ್ನು ಎತ್ತಿಕೊಂಡು ಹೋಗಿ ಕೇಳಲು ಧೈರ್ಯ ಬರಲಿಲ್ಲ, ಮುಚ್ಚಲೂ ಮನಸ್ಸಾಗಲಿಲ್ಲ. ಕೊನೆಗೆ ಶಿವಲಿಂಗಣ್ಣ ಬಂದು, "ಅವು ಬದುಕಲ್ಲ, ಮುಚ್ಚಿ" ಎಂದರು.

ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಗುಡಾರ ಬಿಚ್ಚುತ್ತಿದ್ದರು. ಹಸಿರು ಗಾಡಿಗಳನ್ನು ಹೊತ್ತುಕೊಂಡು ಹೋಗಲು ಡೀಸೆಲ್ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಕರಿ ಹೊಗೆ ಬಿಡುತ್ತ. ಹುಳದ ಮನೆಯಲ್ಲಿ ಮೊದಲ ಹುಳಗಳು ಹಣ್ಣಾಗಿದ್ದವು. ಅವುಗಳ ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು. ಜಯಮ್ಮ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಿದ್ದರು. ಕಿಟಕಿಯ ಹೊರಗೆ ನಿಂತು, "ಹೋಗಿ ಬರ್ತೀನಮ್ಮ" ಎಂದೆ. ಅವರ ಕೈ ನಿಲ್ಲಲಿಲ್ಲ. ಹೋಗಿ ಬನ್ನಿ ಎನ್ನಲಿಲ್ಲ.

ಬಸ್ ಸ್ಟಾಪಿನವರೆಗೆ ಶಿವಲಿಂಗಣ್ಣ ಸ್ಕೂಟರಿನಲ್ಲಿ ಬಿಟ್ಟರು. ತೋಟದ ಗುತ್ತಿಗೆ ಏನಾಯಿತೆಂದು ಕೇಳಿದೆ. "ಬೆಳಿಗ್ಗೆ ಎದ್ದವಳೇ ಮುಂದಿನ ಬೆಳೆಗೆ ಮೊಟ್ಟೆಗೆ ಹೇಳ್ಬುಟ್ಳು. ಸೊಪ್ಪೆಲ್ಲ ಕುಯ್ದು ಎಸುದ್ರೆ ಎರಡು ತಿಂಗ್ಳಿಗೆ ಹೊಸಾದು ಬತ್ತದಂತೆ. ರೂಮ್ ಮಾತ್ರ ಇನ್ ಯಾರ್ಗೂ ಕೊಡಕಿಲ್ಲ ಅಂದ್ಲು" ಎಂದರು. ನನ್ನ ಮುಖ ನೋಡಲಿಲ್ಲ.

ಕನಕಪುರ, ರಾಮನಗರ ದಾಟಿ ಮಾಗಡಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಸಾವನದುರ್ಗ ಈಗ ಬಲಗಡೆ ಇತ್ತು. ಬಂಡೆಯನ್ನು ನೋಡುತ್ತಿದ್ದಾಗ ಫೋನು ಮಿಡಿಯಿತು. 'ಸೊಳ್ಳೆಗಳ ಬಗ್ಗೆ ನೀವು ನೀಡಿದ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ನಿಮಗೆ ತೃಪ್ತಿಯಾಯಿತೇ?' ಕೆಳಗೆ ಐದು ಮುಖಗಳು, ಅಳುವುದರಿಂದ ನಗುವುದರವರೆಗೆ. ಒಂದನ್ನು ಒತ್ತಬೇಕಂತೆ. ನನ್ನ ಹೆಬ್ಬೆರಳಿನ ಉಗುರಿನಲ್ಲಿ ಸುಣ್ಣ ಇನ್ನೂ ಹಾಗೇ ಇತ್ತು.